ಗೋಡೆಗೆ ಬಣ್ಣ, ಮಗುವಿಗೆ ಕೋಣೆ

ಕಾಸರಗೋಡಿನ ಪೈಂಟ್ ಅಂಗಡಿಗಳಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳು ಶೇಡ್ ಕಾರ್ಡ್ ಹಿಡಿದು ತಮ್ಮ ಕೋಣೆಗೆ ತಿಳಿ ನೇರಳೆಯೋ ಎಲೆಹಸಿರೋ ಎಂದು ಆರಿಸುವುದು ಈಗ ಹೊಸತಲ್ಲ. ಇದೆಲ್ಲ ಜಾಹೀರಾತಿನ ಪ್ರಭಾವ ಎಂದುಬಿಡುವುದು ಸುಲಭ. ಆದರೆ ಏಷ್ಯನ್ ಪೈಂಟ್ಸ್ ಮುಂಬಯಿಯಲ್ಲಿ ಹುಟ್ಟಿದ್ದು 1942ರಲ್ಲಿ. ಅದಾಗಿ ದಶಕಗಳು ಕಳೆದರೂ ಇಲ್ಲಿನ ಮಕ್ಕಳಿಗೆ ಬಣ್ಣ ಆರಿಸುವ ಪ್ರಮೇಯವೇ ಬರಲಿಲ್ಲ. ಮಗುವಿನದೆನ್ನುವ ಕೋಣೆಯೇ ಇಲ್ಲದಿದ್ದಾಗ ಬಣ್ಣ ಯಾವುದಕ್ಕೆ? ಚಾವಡಿಯಲ್ಲೋ ಅಜ್ಜಿಯ ಪಕ್ಕದಲ್ಲೋ ಚಾಪೆ ಹಾಸಿದರೆ ಅದೇ ಮಕ್ಕಳ ಜಾಗ. ಮಗುವಿನ ಬಣ್ಣದ ಚರಿತ್ರೆಯನ್ನು ಅಂಗಡಿಗಿಂತ ಮೊದಲು ಗೋಡೆಯಲ್ಲಿ, ಮನೆಯ ಪಾಲುಪಟ್ಟಿಯಲ್ಲಿ ಹುಡುಕಬೇಕು ಎಂಬುದು ನನ್ನ ವಾದ.

ಮೊದಲು ಗೋಡೆ. ನಮ್ಮದು ಮುರಕಲ್ಲಿನ ನಾಡು. ಬೇಕಲದ ಕೋಟೆಯಿಂದ ಗದ್ದೆ ಬದಿಯ ಮನೆಯವರೆಗೆ ಅದೇ ಕಲ್ಲು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವಲ್ಲಿ ಈ ಕಲ್ಲು ನೀರು ಕುಡಿಯುತ್ತದೆ. ಕುಡಿದ ನೀರು ಮತ್ತೆ ಆರಿಹೋಗಲು ಬಿಡುವ, ಬೂಸರು ಹತ್ತದಂತೆ ತಡೆಯುವ ಲೇಪ ಸುಣ್ಣ. ಹೊಳೆಯ ಚಿಪ್ಪನ್ನು ಸುಟ್ಟು, ನೀರು ಹಾಕಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಬಿಳುಪು ಎದ್ದು ಕಾಣಲೆಂದು ಚಿಟಿಕೆ ನೀಲಿ ಬೆರೆಸಿ, ಕೇದಗೆಯ ಬಿಳಲನ್ನು ಜಜ್ಜಿ ಮಾಡಿದ ಕುಂಚದಿಂದ ಬಳಿಯುತ್ತಿದ್ದರು. ಈ ಸುಣ್ಣದ ಖಾರಕ್ಕೆ ಸೊಪ್ಪು, ಹೂವು, ಬೇರುಗಳ ಬಣ್ಣ ಹೆಚ್ಚಿನವು ತಡೆಯುವುದಿಲ್ಲ. ಅರಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಭೂತಸ್ಥಾನದ ಕುರ್ದಿ ನೀರಿನಲ್ಲಿ ಎಲ್ಲರೂ ಕಂಡಿದ್ದಾರೆ. ಆ ಕೆಂಪು ಗೋಡೆಯ ಮೇಲೆ ಬಿಸಿಲಿಗೆ ನಿಲ್ಲದು. ನಿಲ್ಲುವುದು ಕಾವಿ, ಹಳದಿ ಮಣ್ಣು, ಮಸಿಯಂಥ ಕೆಲವೇ. ಹಿಂದಿನವರು ಬಡವರು, ಬಣ್ಣದ ಆಸೆ ಇಲ್ಲದವರು, ಅದಕ್ಕೇ ಬಿಳಿ ಗೋಡೆ ಎನ್ನುವ ಆಕ್ಷೇಪ ಇಲ್ಲಿ ಬಿದ್ದುಹೋಗುತ್ತದೆ. ಬಡತನ ಇತ್ತು, ನಿಜ. ಆದರೆ ತೆಯ್ಯದ ಮುಖದ ಮೇಲೆ ಅಷ್ಟು ಸೂಕ್ಷ್ಮವಾಗಿ ಕೆಂಪು, ಹಳದಿ, ಕಪ್ಪು ಬರೆದ ಊರಿಗೆ ಬಣ್ಣದ ಕಣ್ಣಿರಲಿಲ್ಲ ಎಂದು ಯಾರು ಹೇಳಿಯಾರು? ಉಳ್ಳವರ ಗುತ್ತಿನ ಮನೆಯ ಗೋಡೆಯೂ ಸುಣ್ಣದ್ದೇ.

ಇನ್ನು ಪಾಲು. ತರವಾಡು ಎಂಬ ಕೂಡುಕುಟುಂಬದ ಮನೆಯಲ್ಲಿ ಕೋಣೆ ಕುಟುಂಬದ್ದು, ವ್ಯಕ್ತಿಯದಲ್ಲ. ಉತ್ತರ ಮಲಬಾರಿನ ಕರಾವಳಿಯ ಹಲವು ಮಾಪಿಳ್ಳೆ ಮನೆಗಳಲ್ಲಿ ಇದಕ್ಕೊಂದು ಅಪವಾದವಿತ್ತು: ಮದುವೆಯಾದ ಮಗಳಿಗೂ ತಾಯಿಮನೆಗೆ ಬರುವ ಅಳಿಯನಿಗೂ ಸಿಂಗರಿಸಿ ಕೊಡುವ ಮಣಿಯರ. ತನ್ನದೆಂದು ಅಲಂಕರಿಸಿದ ಕೋಣೆ ಅಲ್ಲಿಯೂ ಸಿಗುತ್ತಿದ್ದುದು ಮದುವೆಯ ಹೊತ್ತಿಗೆ, ಬಾಲ್ಯದಲ್ಲಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿನ ಹಾದಿಯನ್ನು ಸಲೀಸು ಮಾಡಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆ ರಾಜ್ಯದ 1975ರ ಕಾಯ್ದೆ ಹಿಂದೂ ಕೂಡುಕುಟುಂಬದ ಸಾಮೂಹಿಕ ಒಡೆತನವನ್ನೇ ರದ್ದು ಮಾಡಿತು. ಗಂಡ, ಹೆಂಡತಿ, ಎರಡು ಮಕ್ಕಳ ಮನೆಗಳು ಎದ್ದವು. ಇದನ್ನೆಲ್ಲ ಗಲ್ಫ್ ಹಣ ಮಾಡಿತು ಎನ್ನುವವರಿದ್ದಾರೆ. ಗಲ್ಫ್ ಹಣ ಟೆರೇಸು, ಸಿಮೆಂಟು, ಉಪ್ಪರಿಗೆ ತಂದದ್ದು ಹೌದು. ಆದರೆ ಗಲ್ಫ್ ಕಾಣದ ಮೇಷ್ಟ್ರ ಮನೆಯಲ್ಲಿಯೂ, ಗುಮಾಸ್ತನ ಮನೆಯಲ್ಲಿಯೂ ಮಗುವಿಗೆ ಕೋಣೆ ಬಂತಲ್ಲ! ಹಣ ವೇಗ ಕೊಟ್ಟಿತು, ದಾರಿ ತೋರಿಸಿದ್ದು ಪಾಲು.

ಹಾಗಾಗಿ ಮಗುವಿನ ಈ ಆಯ್ಕೆಯನ್ನು ಹಾಳು ಶೋಕಿ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಕೂಡುಕುಟುಂಬದಲ್ಲಿ ಕೊನೆಗೆ ಕೇಳುತ್ತಿದ್ದ ದನಿ ಅದು. ಹಳೆಯ ಗೋಡೆ ಕಲಿಸಿದ್ದನ್ನು ಮಾತ್ರ ಮರೆಯುವಂತಿಲ್ಲ. ಮಳೆ ನೀರು ಹೀರಿದ ಮುರಕಲ್ಲಿನ ಮೇಲೆ ಎಮಲ್ಷನ್ ಹೊಡೆದರೆ ಒಳಗಿನ ಪಸೆ ಸರಾಗವಾಗಿ ಹೊರಬರಲಾಗದೆ ಪದರ ಉಬ್ಬಿ ಏಳುತ್ತದೆ. ಎದ್ದ ಚಕ್ಕೆ ಹಳೆಯ ಎನಾಮಲ್‌ನದಾದರೆ ಮಕ್ಕಳಿಗೆ ಅಪಾಯವೂ ಇದೆ: ಕಣ್ಣು ಕುಕ್ಕುವ ಹಳದಿ, ಕಿತ್ತಳೆಗಳಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಮನೆಬಳಕೆಯ ಪೈಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಷ್ಟೆ. ಅದಕ್ಕೂ ಹಿಂದಿನ ಕಿಟಕಿ, ಬಾಗಿಲು ಆ ಕೋಣೆಯಲ್ಲಿದ್ದರೆ ಹಳೆ ಪದರವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ನೀರು ಹಾಕಿ ಕೆರೆದು, ಕೆಲಸ ಮುಗಿಯುವ ತನಕ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಬೇಕು.