ವ್ಯಾಸಂಗ ತೊರೆಯುವ ಅಪಾಯದ ಮಾಪನ

ವಿಶ್ವವಿದ್ಯಾಲಯದ ವಿದ್ಯಾರ್ಥಿ ಪದವಿ ಮುಗಿಸುವ ಮುನ್ನವೇ ಓದು ಬಿಡುವ ಸಂಭವ ಎಷ್ಟೆಂದು ದಾಖಲೆಗಳ ಆಧಾರದಿಂದ ಮುಂಚಿತವಾಗಿ ಅಂದಾಜಿಸುವ ಕ್ರಮ. ಶಿಕ್ಷಣಶಾಸ್ತ್ರ, ಸಮಾಜಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಇಲ್ಲಿ ಕೂಡುತ್ತವೆ. ವಿದ್ಯಾರ್ಥಿ ಇನ್ನೂ ತರಗತಿಯಲ್ಲಿರುವಾಗಲೇ ನೆರವು ತಲುಪಿಸುವುದು ಇದರ ಗುರಿ.

ವ್ಯಾಖ್ಯೆ

ಕಾಲೇಜು ಬದಲಿಸುವುದು, ಒಂದೆರಡು ಸೆಮಿಸ್ಟರ್ ನಿಲ್ಲಿಸಿ ಮರಳುವುದು, ಓದನ್ನು ಪೂರ್ತಿ ಕೈಬಿಡುವುದು ಇವು ಬೇರೆ ಬೇರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ವರ್ಷಕ್ಕೆ ಪ್ರಮಾಣಪತ್ರ, ಎರಡು ವರ್ಷಕ್ಕೆ ಡಿಪ್ಲೊಮಾ ಪಡೆದು ಹೊರಬರುವ ಅವಕಾಶ ಕಲ್ಪಿಸಿತು. ಆದ್ದರಿಂದ ಯಾರನ್ನು ‘ಬಿಟ್ಟವರು’ ಎಂದು ಎಣಿಸಬೇಕೆಂಬುದು ಮೊದಲು ತೀರ್ಮಾನವಾಗಬೇಕು.

ಸಿದ್ಧಾಂತಗಳು

ವಿಲಿಯಂ ಸ್ಪೇಡಿ 1970ರಲ್ಲಿ, ವಿನ್ಸೆಂಟ್ ಟಿಂಟೊ 1975ರಲ್ಲಿ ಈ ಅಧ್ಯಯನಕ್ಕೆ ತಳಹದಿ ಹಾಕಿದರು. ಕಾಲೇಜಿನ ಓದಿನಲ್ಲೂ ಒಡನಾಟದಲ್ಲೂ ಬೆರೆಯದ ವಿದ್ಯಾರ್ಥಿ ದೂರ ಸರಿಯುತ್ತಾನೆ ಎಂಬುದು ಟಿಂಟೊ ವಾದ. 1985ರಲ್ಲಿ ಜಾನ್ ಬೀನ್ ಮತ್ತು ಬಾರ್ಬರಾ ಮೆಟ್ಸ್‌ನರ್, ಹಾಸ್ಟೆಲಿನಲ್ಲಿರದೆ ಮನೆಯಿಂದಲೇ ಓಡಾಡುವ ಹಾಗೂ ದುಡಿಯುತ್ತ ಓದುವ ವಿದ್ಯಾರ್ಥಿಗಳತ್ತ ಗಮನ ಸೆಳೆದರು. ಇಂಥವರ ಮೇಲೆ ಹಣದ ಅಡಚಣೆ, ದುಡಿಮೆ, ಮನೆಯ ಜವಾಬ್ದಾರಿ ಇವುಗಳ ಪ್ರಭಾವವೇ ಹೆಚ್ಚು.

ಮಂಡ್ಯ ಜಿಲ್ಲೆಯ ಸಂದರ್ಭ

ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳಿಗೆ ಬೀನ್ ಮತ್ತು ಮೆಟ್ಸ್‌ನರ್ ಸಿದ್ಧಾಂತ ಹೆಚ್ಚು ಒಪ್ಪುತ್ತದೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಕಾವೇರಿ ದಡದಲ್ಲಿ, ಕಾವೇರಿ ವನ್ಯಜೀವಿಧಾಮದ ಕಾಡಿನ ನಡುವೆ ಇರುವ ಊರು. ಇಂಥ ಕಡೆಯಿಂದ ಹಲಗೂರಿನ ಮೂಲಕ ಕಾಲೇಜಿಗೆ ಬರುವವರಿಗೆ ಬಸ್ಸಿನ ವೇಳೆಯೇ ಪಾಠದ ವೇಳೆಯನ್ನು ನಿರ್ಧರಿಸುತ್ತದೆ. ಹಾಜರಿ ಪುಸ್ತಕದಲ್ಲಿ ಒಬ್ಬಳಿಗೆ ಮೊದಲ ಪೀರಿಯಡ್ ಮಾತ್ರ ಸತತವಾಗಿ ತಪ್ಪಿದ್ದರೆ ಅದಕ್ಕೆ ಬಸ್ಸು ಕಾರಣವಾಗಿರಬಹುದು. ಇಡೀ ದಿನ ತಪ್ಪುವುದು ಹೆಚ್ಚುತ್ತ ಹೋದರೆ ಮನೆಯ ಕಷ್ಟ, ಮದುವೆಯ ಮಾತುಕತೆ ಅಥವಾ ಕೂಲಿ ಕೆಲಸ ಇರಬಹುದು. ಒಟ್ಟು ಶೇಕಡಾವಾರು ಹಾಜರಾತಿ ಈ ವ್ಯತ್ಯಾಸವನ್ನು ಮರೆಮಾಡುತ್ತದೆ. 2023ರ ಜೂನ್ 11ರಂದು ಜಾರಿಯಾದ, ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರ ಬಸ್ ಖರ್ಚು ತಗ್ಗಿತು; ಬಸ್ಸು ಯಾವ ಹೊತ್ತಿಗೆ ಬರುತ್ತದೆಂಬುದು ಬೇರೆಯೇ ಪ್ರಶ್ನೆ.

ಅಳೆಯುವ ಬಗೆ

ಹಾಜರಾತಿ, ಆಂತರಿಕ ಅಂಕ, ತೇರ್ಗಡೆಯಾಗದೆ ಉಳಿದ ವಿಷಯಗಳು, ಶುಲ್ಕ ಬಾಕಿ, ವಿದ್ಯಾರ್ಥಿವೇತನದ ಸ್ಥಿತಿ ಇವು ಮುಖ್ಯ ಸೂಚಕಗಳು. ಇವುಗಳನ್ನು ಲಾಜಿಸ್ಟಿಕ್ ರಿಗ್ರೆಶನ್, ನಿರ್ಣಯವೃಕ್ಷ ಮುಂತಾದ ವಿಧಾನಗಳಿಂದ ಜೋಡಿಸಿ 0ಯಿಂದ 1ರೊಳಗಿನ ಸಂಭವಾಂಕ ಪಡೆಯುತ್ತಾರೆ. ಯಾರು ಬಿಡಬಹುದು ಎಂಬುದರ ಜೊತೆಗೆ ಯಾವಾಗ ಎಂದೂ ತಿಳಿಯಲು ‘ಸರ್ವೈವಲ್ ಅನಾಲಿಸಿಸ್’ ಬಳಸುತ್ತಾರೆ.

ಮಾದರಿಯ ಗುಣ ಪರೀಕ್ಷಿಸಲು ಒಂದು ಕಾಲ್ಪನಿಕ ಲೆಕ್ಕ: 100 ವಿದ್ಯಾರ್ಥಿಗಳಲ್ಲಿ 20 ಮಂದಿ ಓದು ಬಿಟ್ಟರು ಎನ್ನೋಣ. ‘ಯಾರೂ ಬಿಡುವುದಿಲ್ಲ’ ಎಂದು ಹೇಳುವ ಮಾದರಿಯೂ ಶೇ 80ರಷ್ಟು ಸರಿ. ಆದರೆ ಅದರಿಂದ ಒಬ್ಬರಿಗೂ ಉಪಯೋಗವಿಲ್ಲ. ಇನ್ನೊಂದು ಮಾದರಿ 25 ಮಂದಿಯನ್ನು ಗುರುತಿಸಿ, ಅವರಲ್ಲಿ 15 ಮಂದಿ ನಿಜವಾಗಿ ಬಿಟ್ಟಿದ್ದರೆ, ಅದು ಬಿಟ್ಟವರಲ್ಲಿ ಶೇ 75ರಷ್ಟು ಜನರನ್ನು ಹಿಡಿದಿದೆ. ಅದರ ಎಚ್ಚರಿಕೆಗಳಲ್ಲಿ ಶೇ 60 ನಿಜವಾಗಿವೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕು.

ಪ್ರಯೋಗಗಳು ಮತ್ತು ಮಿತಿಗಳು

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2007ರಲ್ಲಿ ಕೆಂಪು, ಹಳದಿ, ಹಸಿರು ಸಂಕೇತಗಳ ‘ಕೋರ್ಸ್ ಸಿಗ್ನಲ್ಸ್’ ಆರಂಭಿಸಿತು. ಅದರಿಂದ ಹೆಚ್ಚು ಮಂದಿ ಉಳಿದರೆಂಬ ಹೇಳಿಕೆಯನ್ನು 2013ರಲ್ಲಿ ವಿಮರ್ಶಕರು ಪ್ರಶ್ನಿಸಿದರು: ಹೆಚ್ಚು ಕಾಲ ಉಳಿದವರೇ ಸಹಜವಾಗಿ ಹೆಚ್ಚು ಸಿಗ್ನಲ್ಸ್ ತರಗತಿಗಳನ್ನು ಪಡೆದಿರುತ್ತಾರೆ.

ಒಂದು ಊರಿನ ದಾಖಲೆಯಿಂದ ಕಟ್ಟಿದ ಮಾದರಿ ಇನ್ನೊಂದು ಊರಿಗೆ ಹೊಂದಬೇಕೆಂದಿಲ್ಲ. ಜಾತಿ, ಲಿಂಗ, ಊರುಗಳನ್ನು ಅಪಾಯದ ಗುರುತಾಗಿ ಬಳಸಿದರೆ ಹಳೆಯ ಅಸಮಾನತೆಗೆ ಗಣಿತದ ಮುದ್ರೆ ಬೀಳುತ್ತದೆ. ವಿದ್ಯಾರ್ಥಿಗಳ ಮಾಹಿತಿಯ ಗೋಪ್ಯತೆಯೂ ಮುಖ್ಯ; ಡಿಜಿಟಲ್ ರೂಪದ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಭಾರತ 2023ರಲ್ಲಿ ಕಾಯ್ದೆ ಮಾಡಿದೆ.

ಸಂಭವಾಂಕ ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯುವುದಿಲ್ಲ, ಅವರು ಎದುರಿಸುತ್ತಿರುವ ಪರಿಸ್ಥಿತಿಯನ್ನು ಸೂಚಿಸುತ್ತದೆ. ಆ ಅಂಕಿಯನ್ನು ನೋಡಿ ಅಧ್ಯಾಪಕರೊಬ್ಬರು ವಿದ್ಯಾರ್ಥಿಯನ್ನು ಮಾತನಾಡಿಸಿದಾಗ, ವಿದ್ಯಾರ್ಥಿವೇತನ, ಹಾಸ್ಟೆಲ್, ಬಸ್ ವೇಳೆ ಇವುಗಳಲ್ಲಿ ಯಾವುದಾದರೂ ಸರಿಹೋದಾಗ ಮಾತ್ರ ಮಾಪನ ಸಾರ್ಥಕ.