ಬ್ಯಾಸಗಿ ದಾರಿ, ರಾತ್ರಿ ಠಾವು: ನಮ್ಮ ಸೀಮೆಯ ಅತಿಥಿಮನೆಗಳ ಕಥೆ

ಹೋಮ್‌ಸ್ಟೇ ಎಂದ ಕೂಡಲೇ ನಮ್ಮ ಮಂದಿಗೆ ಕೊಡಗು, ಚಿಕ್ಕಮಗಳೂರು ನೆನಪಾಗುತ್ತವೆ. ಅಲ್ಲಿ ಮಂಜು ಇದೆ, ಕಾಫಿ ತೋಟ ಇದೆ, ಜಲಪಾತ ಇದೆ. "ನಮ್ಮ ಕಡಿ ಏನದ ರೀ, ಬರೀ ಬಿಸಲು" ಎಂದು ನಾವೇ ನಗುತ್ತೇವೆ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ದೂರದಿಂದ ಬಂದವರಿಗೆ ಠಾವು ಕೊಟ್ಟು, ಊಟ ಹಾಕಿ, ಸುತ್ತಲಿನ ಊರು ತೋರಿಸಿ ಕಳಿಸುವ ಕೆಲಸ ಶತಮಾನಗಳಷ್ಟು ಹಳೆಯದು. ಅದರಲ್ಲೂ ಹೆಚ್ಚಿನ ಪಾಲು ನಡೆದಿದ್ದು ಇದೇ ಸುಡು ಬ್ಯಾಸಗಿಯಲ್ಲಿ. ಯಾರು ಅದನ್ನು ನಡೆಸಿದರು, ಯಾರು ಒಳಗೆ ಮಲಗಿದರು, ಯಾರು ಹೊರಗೆ ಉಳಿದರು ಎಂಬುದನ್ನು ಈ ಬರಹದಲ್ಲಿ ನೋಡೋಣ.

ತಿರುಗಾಟಕ್ಕೆ ಬ್ಯಾಸಗಿಯೇ ಯಾಕೆ?

ಉತ್ತರ ನಮ್ಮ ಕಾಲ ಕೆಳಗೇ ಇದೆ. ಅದು ಎರಿ ಮಣ್ಣು. ಮಳೆ ಬಿದ್ದರೆ ಈ ಕರಿ ಮಣ್ಣು ಬಂಡಿಯ ಗಾಲಿಯನ್ನು ಅಚ್ಚಿನ ತನಕ ಹಿಡಿದು ಬಿಡುವುದಿಲ್ಲ. ಡಾಂಬರು ಬರುವ ಮೊದಲು ಮಳೆಗಾಲದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಬಂಡಿ ಹೋಗುವುದೇ ಕಷ್ಟವಿತ್ತು. ಹಿಂಗಾರಿ ಜೋಳ ಕೊಯ್ದು, ರಾಶಿ ಮಾಡಿ, ಕಾಳು ಮನೆಗೆ ಬಂದ ಮೇಲೆ ಹೊಲ ಖಾಲಿ, ಎತ್ತು ಖಾಲಿ, ದಾರಿ ಗಟ್ಟಿ. ಹಾಗಾಗಿ ಮದುವೆ, ಜಾತ್ರೆ, ಹರಕೆ, ಬೀಗರ ಮನೆ ಎಲ್ಲವೂ ಯುಗಾದಿಯ ಆಚೀಚೆಯಿಂದ ಕಾರ ಹುಣ್ಣಿಮೆಯ ತನಕದ ದಿನಗಳಿಗೆ ಕೂಡಿಕೊಂಡವು. ಎಳ್ಳಮಾಸಿಯ ಚರಗ, ಹೊಲದ ಊಟ ಚಳಿಗಾಲದ್ದು. ಆಗ ನಾವು ನಮ್ಮ ಹೊಲಕ್ಕೆ ಹೋಗುತ್ತೇವೆ. ಬ್ಯಾಸಗಿಯಲ್ಲಿ ಪರಊರಿಗೆ ಹೋಗುತ್ತೇವೆ.

ಲೆಕ್ಕ ಹಾಕಿ ನೋಡಿ. ಎತ್ತಿನ ಬಂಡಿ ತಾಸಿಗೆ ಮೂರು-ನಾಲ್ಕು ಕಿಲೋಮೀಟರ್ ನಡೆಯುತ್ತದೆ. ಕಲಬುರಗಿಯಿಂದ ಜೇವರ್ಗಿ, ಆಳಂದ ಎರಡೂ ಸುಮಾರು 40 ಕಿಲೋಮೀಟರ್. ಅಫಜಲಪುರ ಇನ್ನೂ ದೂರ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ನಡು ಹಗಲು ಎತ್ತನ್ನು ಹೂಡಲಾಗದು. ಬೆಳದಿಂಗಳಲ್ಲಿ, ನಸುಕಿನಲ್ಲಿ ನಡೆದು, ಬಿಸಿಲೇರಿದ ಮೇಲೆ ಎಲ್ಲಾದರೂ ಇಳಿಯಲೇಬೇಕು. ಇಳಿಯುವ ಕಡೆ ಮೂರು ಬೇಕು: ನೆರಳು, ನೀರು, ನಂಬುವಂಥ ಮಂದಿ.

ಮೊದಲು ನೀರು

ನಮ್ಮ ನಾಡಿನ ಶಾಸನಗಳಲ್ಲಿ 'ಸತ್ರ', 'ಅರವಟ್ಟಿಗೆ' ಎಂಬ ಮಾತುಗಳು ಬರುತ್ತವೆ. ಸತ್ರವೆಂದರೆ ದಾರಿಹೋಕರಿಗೆ ಊಟ, ವಸತಿ. ಅರವಟ್ಟಿಗೆ ಎಂದರೆ ಬ್ಯಾಸಗಿಯಲ್ಲಿ ನೀರು ಕುಡಿಸುವ ಚಪ್ಪರ. ಇವುಗಳ ಖರ್ಚಿಗೆ ಹೊಲ ಬಿಡುವುದು ಪುಣ್ಯದ ಕೆಲಸವಾಗಿತ್ತು. ಇಂದಿಗೂ ಬಸ್‌ ನಿಲ್ದಾಣದ ಮುಂದೆ ಹಸಿ ಗೋಣಿತಟ್ಟು ಸುತ್ತಿದ ಮಣ್ಣಿನ ಹರವಿ ಇಡುವವರು ಅದೇ ಸಾಲಿಗೆ ಸೇರಿದವರು.

ಇನ್ನೂ ಹಿಂದಕ್ಕೆ ಹೋದರೆ ಅಶೋಕ ಸಿಗುತ್ತಾನೆ. ದಾರಿಗಳಲ್ಲಿ ಬಾವಿ ತೋಡಿಸಿದ್ದು, ಮರ ನೆಡಿಸಿದ್ದನ್ನು ಅವನು ತನ್ನ ಎರಡನೆಯ ಬಂಡೆಗಲ್ಲು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ನೆರೆಯ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿ ಗುಡಿಯ ಚಾವಣಿ ಕುಸಿದ ಮೇಲೆ ಅವನ ಶಾಸನದ ಕಲ್ಲೊಂದು ಬೆಳಕಿಗೆ ಬಂತು. ಆ ಕಲ್ಲಿನಲ್ಲಿ ಬಾವಿಯ ಮಾತಿಲ್ಲ. ಅದರಲ್ಲಿರುವುದು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಭಾಗ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಹನ್ನೆರಡನೆಯದರ ಸಾರವೆಂದರೆ, ತನ್ನ ಪಂಥವನ್ನು ಮಾತ್ರ ಹೊಗಳದೆ ಬೇರೆಯವರ ಪಂಥಕ್ಕೂ ಮರ್ಯಾದೆ ಕೊಡಬೇಕು ಎಂಬುದು. ಅತಿಥಿಯನ್ನು ಇಟ್ಟುಕೊಳ್ಳುವವರಿಗೆ ನೀರಿನಷ್ಟೇ ಬೇಕಾದ ಮಾತಿದು.

ಸುಲ್ತಾನನ ಹೊಳೆದಂಡೆ

ಕಲಬುರಗಿಯಿಂದ ಜೇವರ್ಗಿಯ ಕಡೆ ಹೋಗುವಾಗ ಭೀಮಾ ದಂಡೆಯಲ್ಲಿ ಫಿರೋಜಾಬಾದ್ ಇದೆ. ಬಹಮನಿ ಸುಲ್ತಾನ ಫಿರೋಜ್ ಷಾ (ಆಳ್ವಿಕೆ 1397–1422) 1400ರ ಸುಮಾರಿಗೆ ಕಟ್ಟಿಸಿದ ಅರಮನೆ ನಗರ ಅದು. ಮೂರು ದಿಕ್ಕಿಗೆ ಕೋಟೆ ಗೋಡೆ, ಪಶ್ಚಿಮಕ್ಕೆ ಹೊಳೆಯೇ ಕಾವಲು. ಒಳಗೆ ದೊಡ್ಡ ಮಸೀದಿ, ಅರಮನೆ, ಹಮಾಮು ಎಂದು ಕರೆಯುವ ಸ್ನಾನದ ಮನೆಗಳು. ರಾಜಧಾನಿ ಕಲಬುರಗಿಯಲ್ಲೇ ಇತ್ತು. ಹೊಳೆಯ ಗಾಳಿ, ಸ್ನಾನ, ದಂಡಿನ ಬೀಡು, ಪರದೇಶದ ಮಂದಿಯ ಸತ್ಕಾರ, ಇವೆಲ್ಲಕ್ಕೆ ಈ ಊರು ಒದಗುತ್ತಿತ್ತು. ಫಿರೋಜನ ನಂತರ ಬಂದ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಊರು ಬಡವಾಯಿತು. ಇವತ್ತು ಕೋಟೆಯೊಳಗೆ ಬೆಳೆ ನಿಂತಿರುತ್ತದೆ, ಕುರಿ ಮೇಯುತ್ತವೆ. ದಿನಾ ಬಸ್ಸಿನಲ್ಲಿ ದಾಟಿ ಹೋಗುವ ನಾವು ಅಲ್ಲಿ ಇಳಿಯುವುದು ಕಡಿಮೆ.

ಕಾಳು ತಿನ್ನುವ ಹಕ್ಕಿಯೂ ಅತಿಥಿ

ಸುಲ್ತಾನನದು ದೊಡ್ಡವರ ಅತಿಥಿಮನೆ. ಬಡವರದು ದಾಸೋಹ. ಕಲಬುರಗಿಯ ಶರಣಬಸವೇಶ್ವರರು (1746–1822) ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಬೆಳೆದ ಜೋಳವನ್ನು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ನೀರು ಇಟ್ಟರು ಎಂಬ ಕಥೆಯನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಒಕ್ಕಲುತನ ಮಾಡುತ್ತಲೇ ಬಂದವರಿಗೆ ಉಣಬಡಿಸಿದವರು ಅವರು. ಹೋಳಿಯ ಬೆನ್ನಿಗೇ ಬರುವ ಅಪ್ಪನ ಜಾತ್ರೆಗೆ ನಮ್ಮ ಮೂರೂ ತಾಲೂಕುಗಳಿಂದ ಮಂದಿ ನಡೆದು ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಬ್ಯಾಸಗಿಯ ದೊಡ್ಡ ತಿರುಗಾಟ ಅಲ್ಲಿಂದ ಶುರು.

ಗಾಣಗಾಪುರ: ಮನೆಯೇ ಅತಿಥಿಗೃಹ

ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಬನ್ನಿ. ಭೀಮಾ ಮತ್ತು ಅಮರ್ಜಾ ಕೂಡುವ ಜಾಗ. ನರಸಿಂಹ ಸರಸ್ವತಿಗಳು 15ನೆಯ ಶತಮಾನದಲ್ಲಿ ಇಲ್ಲಿ ನೆಲೆಸಿದ್ದರು. ಅವರ ಕಥೆ ಹೇಳುವ ಮರಾಠಿಯ 'ಗುರುಚರಿತ್ರೆ' ಬರೆದ ಸರಸ್ವತಿ ಗಂಗಾಧರರನ್ನು ಆಳಂದ ತಾಲೂಕಿನ ಕಡಗಂಚಿಯವರೆಂದು ಹೇಳುತ್ತಾರೆ. ಇದೇ ಕಡಗಂಚಿಯಲ್ಲಿ ಈಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಮರ್ಜಾ ಹೊಳೆ ಹರಿದು ಬರುವುದೂ ಆಳಂದ ತಾಲೂಕಿನಿಂದಲೇ. ಹೊಳೆಯೂ ಕಥೆಯೂ ಒಂದೇ ದಾರಿಯಲ್ಲಿ ಹರಿದಿವೆ.

ಇಲ್ಲಿನ ಪದ್ಧತಿ ವಿಶೇಷ. ದತ್ತ ಮಧ್ಯಾಹ್ನ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಅದಕ್ಕೇ ಬಂದ ಭಕ್ತರೇ ಐದು ಮನೆ ಮಧುಕರಿ ಬೇಡುತ್ತಾರೆ. ಶ್ರೀಮಂತನೂ ಜೋಳಿಗೆ ಹಿಡಿಯುತ್ತಾನೆ. ಯಾರು ಅತಿಥಿ, ಯಾರು ಯಜಮಾನ ಎಂಬುದೇ ಒಂದು ತಾಸು ಅದಲುಬದಲಾಗುತ್ತದೆ.

1871ರಲ್ಲಿ ಮುಂಬೈಯಿಂದ ಬಂದ ರೈಲು ದಾರಿ ಸೊಲ್ಲಾಪುರ, ಕಲಬುರಗಿ ದಾಟಿ ರಾಯಚೂರಿನಲ್ಲಿ ಮದ್ರಾಸ್ ದಾರಿಯನ್ನು ಕೂಡಿತು. 'ಗಾಣಗಾಪುರ ರೋಡ್' ಎಂಬ ನಿಲ್ದಾಣದ ಹೆಸರೇ ಯಾತ್ರಿಕರ ದಾರಿಯನ್ನು ಹೇಳುತ್ತದೆ. ಪುಣೆ, ಮುಂಬೈಯ ಮಂದಿ ಅಲ್ಲಿ ಇಳಿದು, ಉಳಿದ ಸುಮಾರು 20 ಕಿಲೋಮೀಟರನ್ನು ಬಂಡಿಯಲ್ಲೋ ನಡೆದೋ ಬರುತ್ತಿದ್ದರು. ಬಂದವರು ಪೂಜಾರಿಗಳ ಮನೆಗಳಲ್ಲಿ ಇಳಿಯುತ್ತಿದ್ದರು. ಅಜ್ಜ ಇಳಿದ ಮನೆಗೇ ಮೊಮ್ಮಗ ಬರುವುದು ರೂಢಿ. ನಾವು ಇವತ್ತು ಹೋಮ್‌ಸ್ಟೇ ಎನ್ನುವುದಕ್ಕೆ ಇದಕ್ಕಿಂತ ಹಳೆಯ ಮಾದರಿ ಎಲ್ಲಿ ಹುಡುಕೋಣ?

ಬಂದ ಅತಿಥಿಗೆ ತಿರುಗಾಟವೂ ಸಿದ್ಧವಿರುತ್ತಿತ್ತು. ನಸುಕಿನಲ್ಲಿ ಸಂಗಮದ ಸ್ನಾನ, ಅತ್ತಿ ಮರದ ನೆರಳು, ಭಸ್ಮದ ಗುಡ್ಡ, ನಿರ್ಗುಣ ಪಾದುಕೆಯ ಮಠ. ಇನ್ನೊಂದು ದಿನವಿದ್ದರೆ ಇದೇ ಭೀಮಾ ದಂಡೆಯ ಘತ್ತರಗಿ ಭಾಗ್ಯವಂತಿ. ಅಮಾವಾಸ್ಯೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಆಳಂದದ ಉರುಸು

ಆಳಂದದ ಲಾಡ್ಲೆ ಮಶಾಯಕ ದರ್ಗಾ 14ನೆಯ ಶತಮಾನದ ಸೂಫಿ ಸಂತರದು. ಉರುಸಿನ ಲೆಕ್ಕ ಚಂದ್ರನದು, ಹಾಗಾಗಿ ಅದು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಕೆಲವು ವರ್ಷ ಬ್ಯಾಸಗಿಯಲ್ಲಿ, ಕೆಲವು ವರ್ಷ ಮಳೆಯಲ್ಲಿ ಬರುತ್ತದೆ. ಬ್ಯಾಸಗಿಯಲ್ಲಿ ಬಂದರೆ ಮಲಗಲು ಚಿಂತೆಯಿಲ್ಲ, ಬಯಲೇ ಹಾಸಿಗೆ. ಮಳೆಯಲ್ಲಿ ಬಂದರೆ ಊರ ಮನೆಗಳ ಪಡಸಾಲೆ ತೆರೆಯಬೇಕು. ಹರಕೆ ಹೊತ್ತ ಹಿಂದೂ ಮನೆಗಳೂ ಕಂದೂರಿ ಮಾಡಿ ಬಂದವರಿಗೆ ಉಣಿಸುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ.

ಸಾಹೇಬರ ಬಂಗ್ಲೆ

ನಿಜಾಮರ ಕಾಲಕ್ಕೆ ಹೊಸ ಬಗೆಯ ಅತಿಥಿಗೃಹ ಬಂತು. ಸರ್ಕಾರಿ ಡಾಕ್ ಬಂಗ್ಲೆ, ಮುಸಾಫಿರಖಾನೆ. ಎತ್ತರದ ಗೋಡೆ, ಉದ್ದ ವರಾಂಡ, ಅಡುಗೆಗೆ ಖಾನ್‌ಸಾಮಾ, ಬೀಸಣಿಗೆ ಎಳೆಯಲು ಆಳು, ಬಾಗಿಲಿಗೆ ನೀರು ಚಿಮುಕಿಸಿದ ಲಾವಂಚದ ತಟ್ಟಿ. ಆ ಕಾಲದ ಸಾಹೇಬರಲ್ಲಿ ನಮಗೆ ಹತ್ತಿರದವನು ಫಿಲಿಪ್ ಮೆಡೋಸ್ ಟೇಲರ್ (1808–1876). 1841ರಲ್ಲಿ ಸುರಪುರಕ್ಕೆ ಬಂದವನು ಅಲ್ಲಿನ ಗುಡ್ಡದ ಮೇಲೆ ಕಟ್ಟಿಸಿದ ಮನೆಯೇ 'ಟೇಲರ್ ಮಂಜಿಲ್'. ಮುಂದೆ ಅದು ಸರ್ಕಾರಿ ಅತಿಥಿಗೃಹವಾಯಿತು. ಅವನ ತಿರುಗಾಟದ ಹುಚ್ಚಿನಿಂದ ನಮಗೊಂದು ಲಾಭವಾಗಿದೆ. ಜೇವರ್ಗಿ ಬಳಿಯ ಕಲ್ಲಿನ ಹಳೇ ಗೋರಿಗಳನ್ನು ಅಗೆಸಿ, ಅಳತೆ ಮಾಡಿಸಿ, ವಿವರವಾಗಿ ಬರೆದಿಟ್ಟ. ಕಬ್ಬಿಣ ಬಳಸಿದ ಬಹು ಹಿಂದಿನ ಜನ ಇಲ್ಲಿ ಬಾಳಿದ್ದರೆಂದು ಓದುವ ಲೋಕಕ್ಕೆ ತಿಳಿದದ್ದು ಹಾಗೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಬಂಗ್ಲೆಗಳಿಗೆ 'ಪ್ರವಾಸಿ ಮಂದಿರ' ಎಂಬ ಹೆಸರು ಬಂತು. ಜನರ ಬಾಯಲ್ಲಿ ಅದು ಇಂದಿಗೂ 'ಐಬಿ'. ಹೆಸರಿನಲ್ಲಿ ಪ್ರವಾಸಿ ಇದ್ದಾನೆ, ಕೋಣೆ ಸಿಗುವುದು ಹೆಚ್ಚಾಗಿ ಅಧಿಕಾರಿಗೆ, ಪುಢಾರಿಗೆ.

ಬಾಗಿಲ ಹೊರಗೆ ಉಳಿದವರು

ಹಳೆಯದೆಲ್ಲ ಚಂದವಿತ್ತು ಎಂದು ಮುಗಿಸಿದರೆ ಅರ್ಧ ಕಥೆ ಹೇಳಿದಂತೆ. ಸತ್ರದ ಪಂಕ್ತಿಗೆ ಜಾತಿ ಇತ್ತು. ಬಾವಿಗೂ ಜಾತಿ ಇತ್ತು. ಬಿಸಿಲಲ್ಲಿ ನಡೆದು ಬಂದ ದಲಿತ ಕುಟುಂಬಕ್ಕೆ ನೀರನ್ನು ಮೇಲಿಂದ ಬೊಗಸೆಗೆ ಸುರಿಯುತ್ತಿದ್ದುದನ್ನು ನಮ್ಮ ಊರುಗಳ ಹಿರಿಯರು ಕಂಡಿದ್ದಾರೆ, ಉಂಡಿದ್ದಾರೆ.

ಡಾ. ಅಂಬೇಡ್ಕರ್ ತಮ್ಮ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಇದನ್ನೇ ಹೇಳಿದ್ದಾರೆ. 1901ರಲ್ಲಿ, ಹುಡುಗನಿದ್ದಾಗ, ತಂದೆಯನ್ನು ನೋಡಲು ಸತಾರದ ಕಡೆಯಿಂದ ಹೊರಟವರಿಗೆ ನಿಲ್ದಾಣದಲ್ಲಿ ಬಂಡಿ ಸುಲಭವಾಗಿ ಸಿಗಲಿಲ್ಲ, ದಾರಿಯಲ್ಲಿ ನೀರು ಸಿಗಲಿಲ್ಲ. ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದ ಮೇಲೂ ಬರೋಡಾದಲ್ಲಿ ಇಳಿಯಲು ಜಾಗ ಸಿಗದೆ ಪಾರ್ಸಿ ವಸತಿಗೃಹದಲ್ಲಿ ಉಳಿದರು. ಅಲ್ಲಿಂದಲೂ ಹೊರಹಾಕಲಾಯಿತು. 1934ರಲ್ಲಿ ನಿಜಾಮರ ರಾಜ್ಯದಲ್ಲೇ ಇದ್ದ ದೌಲತಾಬಾದ್ ಕೋಟೆ ನೋಡಲು ಹೋದಾಗ, ಧೂಳು ತೊಳೆದುಕೊಳ್ಳಲು ಕೊಳದ ನೀರು ಮುಟ್ಟಿದ್ದಕ್ಕೆ ಅವರ ತಂಡವನ್ನು ಗದರಿಸಲಾಯಿತು. ತಿರುಗಾಟವೂ ಒಂದು ಹಕ್ಕು, ಅದು ಎಲ್ಲರಿಗೂ ಇರಲಿಲ್ಲ.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1955ರಲ್ಲಿ ಬಂದ ಕಾಯ್ದೆ ಹೋಟೆಲ್ ಜೊತೆಗೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನೂ ಹೆಸರು ಹಿಡಿದು ಸೇರಿಸಿತು. ರಾತ್ರಿ ಮಲಗುವ ಠಾವು ಎಷ್ಟು ದೊಡ್ಡ ಜಗಳದ ವಸ್ತುವಾಗಿತ್ತು ಎಂಬುದಕ್ಕೆ ಆ ಮೂರು ಪದಗಳೇ ಸಾಕ್ಷಿ.

ಕಲ್ಲಿನ ಮೇಲೆ ಇಲ್ಲದ ಹೆಸರುಗಳು

ಹಳೇ ಧರ್ಮಶಾಲೆಯ ಗೋಡೆಯಲ್ಲಿ ಕಲ್ಲು ಇದ್ದರೆ ಅದರಲ್ಲಿ ಕಟ್ಟಿಸಿದವರ ಹೆಸರಿರುತ್ತದೆ. ನಡೆಸಿದವರದು ಇರುವುದಿಲ್ಲ. ಅತಿಥಿ ಬರುವ ಮನೆಯ ಬ್ಯಾಸಗಿ ದಿನ ಹೇಗಿತ್ತು ಎಂದು ಯಾವ ಅಜ್ಜಿಯನ್ನಾದರೂ ಕೇಳಿ. ನಾಲ್ಕಕ್ಕೆ ಎದ್ದು ಬಾವಿಯಿಂದ ನೀರು ಹೊರುವುದು, ಬಿಸಿಲೇರುವ ಮೊದಲೇ ರೊಟ್ಟಿ ಬಡಿಯುವುದು, ಪುಂಡಿಪಲ್ಯ, ಶೇಂಗಾ ಹಿಂಡಿ, ಅಂಬಲಿ, ಮಜ್ಜಿಗೆ. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ ಕೌದಿ ಹಾಸುವುದು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಶಹಾಬಾದಿ ಕಲ್ಲಿನ ನೆಲದ ಆ ಮನೆಗಳು ಹಗಲಲ್ಲಿ ತಂಪು, ರಾತ್ರಿ ಮಾಳಿಗೆ ಮೇಲೆ ಗಾಳಿ. ಈ ಕೆಲಸ ಮಾಡಿದ ಹೆಂಗಸರ ಹೆಸರು ಯಾವ ವಹಿಯಲ್ಲೂ ಸಿಗುವುದು ಅಪರೂಪ.

ಈಗ ಏನು ಮಾಡಬಹುದು?

ಇಂದು ಬೆಳಿಗ್ಗೆ ಬಂದವರು ಸಂಜೆಗೆ ಕಾರಿನಲ್ಲಿ ತಿರುಗಿ ಹೋಗುತ್ತಾರೆ. ಸಿಮೆಂಟಿನ ಲಾಡ್ಜುಗಳು ಎದ್ದಿವೆ. ಮಾಳಿಗೆ ಮನೆಗಳನ್ನು ಕೆಡವಿ ಆರ್‌ಸಿಸಿ ಹಾಕುತ್ತಿದ್ದೇವೆ, ಆಮೇಲೆ ರಾತ್ರಿ ಸೆಖೆಗೆ ಕೂಲರ್ ತರುತ್ತಿದ್ದೇವೆ. ಬ್ಯಾಸಗಿಯಲ್ಲಿ ಭೀಮೆಯ ನೀರು ಮೇಲಿನ ಉಜನಿ ಅಣೆಕಟ್ಟೆಯಿಂದ ಬಿಟ್ಟರೆ ಉಂಟು, ಇಲ್ಲದಿದ್ದರೆ ಗುಂಡಿಗಳಲ್ಲಿ ನಿಂತದ್ದೇ ಗತಿ. ಪುಣೆ, ಮುಂಬೈಗೆ ದುಡಿಯಲು ಹೋದ ನಮ್ಮ ಹುಡುಗರು ಜಾತ್ರೆಗೆಂದು ಬಂದಾಗ, ಅವರೇ ಊರಿನ ದೊಡ್ಡ ಅತಿಥಿಗಳು.

ಎರಡು ಕೋಣೆಯ ಹಳೇ ಮನೆ ಇದ್ದವರು ಕೆಡವುವ ಮೊದಲು ಒಮ್ಮೆ ಯೋಚಿಸಿ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಮ್‌ಸ್ಟೇ ನೋಂದಣಿಗೆ ಅವಕಾಶವಿದೆ. ನಿಯಮಗಳನ್ನು ಅಲ್ಲೇ ಕೇಳಿ ತಿಳಿಯಿರಿ. ಗಾಣಗಾಪುರಕ್ಕೆ ಬರುವವರಿಗೆ ಫಿರೋಜಾಬಾದ್, ಸನ್ನತಿಯ ಹೆಸರನ್ನೂ ಹೇಳಿ. ಹಣ ಬಂದರೆ ಅಡುಗೆ ಮಾಡುವವಳ ಖಾತೆಗೂ ಹೋಗಲಿ. ಬಂದವರ ಜಾತಿ ಕೇಳಬೇಡಿ, ಕೇಳುವವರಿದ್ದರೆ ಸುಮ್ಮನಿರಬೇಡಿ.

ಇನ್ನೊಂದು ಕೆಲಸ ಇಂದೇ ಆಗುವಂಥದ್ದು. ನಿಮ್ಮೂರ ಹಾಳು ಧರ್ಮಶಾಲೆ, ಅರವಟ್ಟಿಗೆ, ಮುಸಾಫಿರಖಾನೆಯ ಗೋಡೆಯಲ್ಲಿ ಕಲ್ಲು ಇದ್ದರೆ ಸುಣ್ಣ ಒರೆಸಿ ಫೋನಿನಲ್ಲಿ ಫೋಟೊ ತೆಗೆಯಿರಿ. ಆಮೇಲೆ ಊರಿನ ಹಿರಿಯ ಹೆಣ್ಣುಮಗಳ ಮುಂದೆ ಕುಳಿತು, ಅಲ್ಲಿ ನೀರು ಹೊತ್ತವರು ಯಾರು, ರೊಟ್ಟಿ ಬಡಿದವರು ಯಾರು, ಒಳಗೆ ಬಿಡದೆ ಯಾರನ್ನು ಕೂಡಿಸುತ್ತಿದ್ದರು ಎಂದು ಕೇಳಿ ಬರೆದಿಡಿ. ಕಲ್ಲಿನ ಮೇಲೆ ಇಲ್ಲದ ಆ ಹೆಸರುಗಳು ಸದ್ಯಕ್ಕೆ ಅವರ ನೆನಪಿನಲ್ಲಿ ಮಾತ್ರ ಉಳಿದಿವೆ.