ಸೈನಿಕನ ಸ್ವಂತ ಬಂದೂಕು ಎಲ್ಲಿರಬೇಕು? ಮನೆ, ಠಾಣೆ ಮತ್ತು ಪಲ್ಟನ್ನಿನ ಶಸ್ತ್ರಾಗಾರ: ಮುಳಬಾಗಿಲು ಸೀಮೆಯಿಂದ ಒಂದು ಪರಿಶೀಲನೆ

ಸಾರಾಂಶ

ಸರ್ಕಾರ ಸೈನಿಕನ ಕೈಗೆ ಕೊಡುವ ಬಂದೂಕನ್ನೂ ಅವನು ಸ್ವಂತ ದುಡ್ಡಿನಿಂದ ಕೊಂಡ ಬಂದೂಕನ್ನೂ 1959ರ ಶಸ್ತ್ರಾಸ್ತ್ರ ಕಾಯ್ದೆ ಬೇರೆ ಬೇರೆಯಾಗಿಯೇ ಕಾಣುತ್ತದೆ. ಮೊದಲನೆಯದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ, ಎರಡನೆಯದಕ್ಕೆ ಪೂರ್ತಿಯಾಗಿ ಅನ್ವಯಿಸುತ್ತದೆ. ಸ್ವಂತ ಆಯುಧವನ್ನು ಪಲ್ಟನ್ನಿನ ಶಸ್ತ್ರಾಗಾರದಲ್ಲಿ ಇಡುವ ಮಾತು ಕಾಯ್ದೆಯ 21ನೇ ಕಲಮಿನಲ್ಲಿ ಇದೆ. ಆದರೆ ಅಲ್ಲಿ ಹೇಳಿರುವುದು ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧದ ಬಗ್ಗೆ ಮಾತ್ರ. ಚಾಲ್ತಿ ಲೈಸೆನ್ಸಿರುವ ಬಂದೂಕಿನ ಒಡೆಯ ಬ್ಯಾರಕ್ಕಿನಲ್ಲಿದ್ದಾಗ ಅದು ಎಲ್ಲಿರಬೇಕೆಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ. ಈ ಕೊರತೆಯ ಭಾರ ಊರಿನಲ್ಲಿರುವ ಮನೆಯವರ ಮೇಲೆ ಬೀಳುತ್ತದೆ ಎಂಬುದು ಈ ಲೇಖನದ ವಾದ.

ಪ್ರಶ್ನೆಯ ನೆಲೆ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯನ್ನು ನಾಡು ಬಲ್ಲದ್ದು ಅಲ್ಲಿಯ ಗಣಪನಿಂದ, ಸೋಮೇಶ್ವರ ದೇವಾಲಯದಿಂದ. ಇಲ್ಲಿ ಆ ಊರನ್ನು ಬೇರೆಯೇ ಕಾರಣಕ್ಕೆ ಆರಿಸಿಕೊಳ್ಳಲಾಗಿದೆ. ಇಲ್ಲಿಂದ ಸೇನೆಗೆ ಸೇರಿದವನ ಲೈಸೆನ್ಸು ಕೋಲಾರದ ಜಿಲ್ಲಾ ಮ್ಯಾಜಿಸ್ಟ್ರೇಟರ ಕಚೇರಿಗೆ ಸೇರಿದ್ದು, ಅವನ ಮನೆ ಹಳ್ಳಿಯಲ್ಲಿ, ಪಲ್ಟನ್ನು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲೋ ದೂರದ ಗಡಿಯಲ್ಲೋ. ಮುಳಬಾಗಿಲು ದಾಟಿ ಪೂರ್ವಕ್ಕೆ ಹೋದರೆ ನಂಗಲಿಯ ಆಚೆ ಆಂಧ್ರಪ್ರದೇಶ. ಲೈಸೆನ್ಸಿನ ವ್ಯಾಪ್ತಿ ಕರ್ನಾಟಕಕ್ಕೆ ಸೀಮಿತವಾಗಿದ್ದರೆ ಬಂದೂಕಿನ ಹಕ್ಕು ಅಲ್ಲಿಗೆ ಮುಗಿಯುತ್ತದೆ. ಊರು, ಗಡಿ, ಪಲ್ಟನ್ನು ಮೂರೂ ಒಂದೇ ಬಂದೂಕಿನ ಪ್ರಶ್ನೆಯಲ್ಲಿ ಕೂಡುವ ಜಾಗವಿದು.

ಆಯುಧದ ಒಡೆತನ: ಹಿನ್ನೆಲೆ

ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದ್ದು. ಅದರಲ್ಲಿ ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳು ಹಲವು. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನು ಮನೆಯಲ್ಲಿದ್ದ ತನ್ನ ಆಯುಧವನ್ನೇ ಹಿಡಿದು ಓಡಿದನೆಂದು ಊಹಿಸುವುದು ಸಹಜ. ಕಾದುವವನಿಗೂ ಊರಿನವನಿಗೂ ಅಲ್ಲಿ ಭೇದವಿಲ್ಲ.

ಸೈನ್ಯದ ಒಡೆತನ ರಾಜ್ಯದ ಕೈಗೆ ಬಂದದ್ದು ಹಂತಹಂತವಾಗಿ. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ 1768ರ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಳಿ ಇಂಗ್ಲಿಷರೊಡನೆ ಕಾದಿದ ಕಾಲಕ್ಕೆ ದಕ್ಷಿಣದ ಅಶ್ವದಳಗಳಲ್ಲಿ ಎರಡು ಬಗೆಯ ಸವಾರರಿದ್ದರು. ಸರ್ಕಾರದ ಕುದುರೆ ಏರಿದವರು ಕೆಲವರು, ಕುದುರೆ ಮತ್ತು ಹತಾರುಗಳನ್ನು ತಾವೇ ತಂದ ಸಿಲ್ಲೇದಾರರು ಇನ್ನು ಕೆಲವರು. 1807ರ ಒಪ್ಪಂದದಂತೆ ಮೈಸೂರು ಈಸ್ಟ್ ಇಂಡಿಯಾ ಕಂಪನಿಗಾಗಿ 4,000 ಕುದುರೆಯ ದಳವನ್ನು ಸಾಕಬೇಕಾಯಿತು. ಸಿಲ್ಲೇದಾರಿ ಪದ್ಧತಿ ಅಲ್ಲಿ ಮುಂದುವರಿಯಿತು. ಬ್ರಿಟಿಷ್ ಭಾರತದ ಸಿಲ್ಲೇದಾರಿ ರೆಜಿಮೆಂಟುಗಳಲ್ಲಿಯೂ ಸವಾರ ಕುದುರೆ, ಜೀನು, ಬಟ್ಟೆ ಎಲ್ಲವನ್ನೂ ತಾನೇ ಒದಗಿಸಿಕೊಳ್ಳುತ್ತಿದ್ದ. ಸರ್ಕಾರ ತನ್ನ ಕೈಯಲ್ಲಿ ಉಳಿಸಿಕೊಂಡದ್ದು ರೈಫಲ್ ಮತ್ತು ಮದ್ದುಗುಂಡನ್ನು. ಉಳಿದೆಲ್ಲವೂ ಸೈನಿಕನ ಸ್ವತ್ತಾಗಿರಬಹುದು, ಗುಂಡು ಹಾರಿಸುವ ಆಯುಧ ಮಾತ್ರ ಆಳುವವರದು ಎಂಬ ನಿಲುವು ಇಲ್ಲಿ ಸ್ಪಷ್ಟವಾಗಿದೆ.

ಜನಸಾಮಾನ್ಯರ ವಿಷಯದಲ್ಲಿ ಇದೇ ನಿಲುವು 1857ರ ದಂಗೆಯ ನಂತರ ಕಾನೂನಾಯಿತು. 1860ರ 31ನೇ ಕಾಯ್ದೆ ನಿಶ್ಶಸ್ತ್ರೀಕರಣಕ್ಕೆ ದಾರಿ ಮಾಡಿತು, 1878ರ ಕಾಯ್ದೆ ಲೈಸೆನ್ಸ್ ಪದ್ಧತಿಯನ್ನು ಬಿಗಿಗೊಳಿಸಿತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯವು ಕಟ್ಟುಪಾಡುಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಸ್ವಾತಂತ್ರ್ಯದ ನಂತರ ಬಂದ 1959ರ ಕಾಯ್ದೆ ಬ್ರಿಟಿಷರ ಬಿಗಿಗೂ ಕರಾಚಿಯ ನಿರ್ಣಯಕ್ಕೂ ನಡುವಿನ ರಾಜಿ.

ಕಾಯ್ದೆ ಹೇಳುವುದೇನು

3ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಸಾರ್ವಜನಿಕ ಸೇವಕನು ಕರ್ತವ್ಯದ ಅಂಗವಾಗಿ ಹೊಂದಿರುವ ಆಯುಧಕ್ಕೆ 45ನೇ ಕಲಮು ಕಾಯ್ದೆಯಿಂದ ವಿನಾಯಿತಿ ಕೊಡುತ್ತದೆ. ಆದ್ದರಿಂದ ಕಾವಲಿನಲ್ಲಿರುವ ಜವಾನನ ಇನ್ಸಾಸ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಅದೇ ಜವಾನ ರಜೆಯಲ್ಲಿ ಬಂದು ತೋಟದ ಕಾವಲಿಗೆಂದು ಕೊಂಡ ಹನ್ನೆರಡು ಬೋರಿನ ಕೋವಿಗೆ ಬೇಕು. ಸಮವಸ್ತ್ರ ಅವನಿಗೆ ಇಲ್ಲಿ ಯಾವ ರಿಯಾಯಿತಿಯನ್ನೂ ತರುವುದಿಲ್ಲ.

21ನೇ ಕಲಮು ಠೇವಣಿಗೆ ಸಂಬಂಧಿಸಿದ್ದು. ಲೈಸೆನ್ಸಿನ ಅವಧಿ ಮುಗಿದೋ, ಅಮಾನತ್ತಾಗಿಯೋ, ರದ್ದಾಗಿಯೋ, ಬೇರಾವ ಕಾರಣದಿಂದಲೋ ಆಯುಧ ಇಟ್ಟುಕೊಳ್ಳುವುದು ಕಾನೂನುಬಾಹಿರವಾದರೆ ಒಡೆಯ ಅದನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲಿ ಇಡಬೇಕು. ಸಶಸ್ತ್ರ ಪಡೆಯವನಾದರೆ ಪಲ್ಟನ್ನಿನ ಶಸ್ತ್ರಾಗಾರದಲ್ಲಿಯೂ ಇಡಬಹುದು. ನೌಕಾಪಡೆಯ ಹಡಗು ಮತ್ತು ನೆಲೆಗಳ ಶಸ್ತ್ರಾಗಾರಗಳೂ ಇದರಲ್ಲಿ ಸೇರುತ್ತವೆ. ಗೊತ್ತುಪಡಿಸಿದ ಅವಧಿಯೊಳಗೆ ಹಕ್ಕು ಮರಳಿ ಬಂದರೆ ಆಯುಧ ವಾಪಸ್ ಪಡೆಯಬಹುದು ಅಥವಾ ಮಾರಬಹುದು. ಎರಡೂ ಆಗದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶದಿಂದ ಅದು ಸರ್ಕಾರಕ್ಕೆ ಮುಟ್ಟುಗೋಲು.

ಇದೇ ಸೌಲಭ್ಯ 2019ರ ತಿದ್ದುಪಡಿಯಲ್ಲಿ ಮತ್ತೆ ಕಾಣಿಸಿಕೊಂಡಿತು. 1983ರಿಂದ ಒಬ್ಬನಿಗೆ ಮೂರು ಬಂದೂಕುಗಳ ಮಿತಿಯಿತ್ತು. ತಿದ್ದುಪಡಿ ಅದನ್ನು ಎರಡಕ್ಕಿಳಿಸಿ, ಹೆಚ್ಚಿನದನ್ನು ಒಂದು ವರ್ಷದೊಳಗೆ ಠೇವಣಿ ಇಡಬೇಕೆಂದಿತು. ಸೈನಿಕನಿಗೆ ಆಗಲೂ ಪಲ್ಟನ್ನಿನ ಶಸ್ತ್ರಾಗಾರದ ಆಯ್ಕೆ ಉಳಿಯಿತು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೇರಿತು. ಲೈಸೆನ್ಸಿಲ್ಲದೆ ಬಂದೂಕು ಹೊಂದಿದವನಿಗೆ ಎರಡರಿಂದ ಐದು ವರ್ಷದ ಸೆರೆವಾಸ ವಿಧಿಸಲಾಯಿತು.

ಗಮನಿಸಬೇಕಾದದ್ದು ಇದು: ಎರಡೂ ಕಡೆ ಶಸ್ತ್ರಾಗಾರದ ಮಾತು ಬರುವುದು ಹಕ್ಕು ಕಳೆದುಹೋದ ಮೇಲೆ. ಲೈಸೆನ್ಸ್ ಚಾಲ್ತಿಯಲ್ಲಿದ್ದು, ಒಡೆಯ ಬ್ಯಾರಕ್ಕಿನಲ್ಲಿ ಮಂಚದ ಪಕ್ಕ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬ ಕಾರಣಕ್ಕೆ ಅದನ್ನು ಒಪ್ಪಿಸಿದರೆ ಆ ಒಪ್ಪಿಸುವಿಕೆ 21ನೇ ಕಲಮಿನ ಠೇವಣಿ ಆಗುವುದಿಲ್ಲ. ಕಮಾಂಡರ್ ಆದೇಶವನ್ನು ಮೀರಿ ಬ್ಯಾರಕ್ಕಿನಲ್ಲಿ ಇಟ್ಟುಕೊಂಡವನು 1950ರ ಸೇನಾ ಕಾಯ್ದೆಯ 63ನೇ ಕಲಮಿನಡಿ ಶಿಸ್ತು ಮುರಿದವನಾಗಬಹುದು, ಆದರೆ ಅಷ್ಟರಿಂದಲೇ ಅವನ ಲೈಸೆನ್ಸು ಬಿದ್ದುಹೋಗುವುದಿಲ್ಲ. ಹಾಗೆಂದ ಮೇಲೆ 21ನೇ ಕಲಮಿನ ಅವಧಿ, ಮುಟ್ಟುಗೋಲುಗಳನ್ನು ಅವನ ಬಂದೂಕಿಗೆ ಅನ್ವಯಿಸುವುದು ಸರಿಯಲ್ಲ. ಆ ಕಲಮು ಕೊಡುವ ವಾಪಸಾತಿಯ ಹಕ್ಕಿನ ರಕ್ಷಣೆಯೂ ಅವನಿಗೆ ಸಿಗುವುದಿಲ್ಲ.

ಕೋತ್‌ನ ಶಿಸ್ತು

ಜವಾನರ ಬಾಯಲ್ಲಿ ಶಸ್ತ್ರಾಗಾರ ಎಂದರೆ ಕೋತ್. ರೈಫಲ್ ಹೊರಗೆ ಹೋಗುವಾಗ ಒಂದು ಸಹಿ, ಒಳಗೆ ಬರುವಾಗ ಇನ್ನೊಂದು. ಪ್ರತಿ ಆಯುಧಕ್ಕೂ ನಂಬರು, ಗುಂಡಿಗೆ ಪ್ರತ್ಯೇಕ ಲೆಕ್ಕ. ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡ ರೈಫಲ್ಲೂ ಸಂಜೆಯ ಎಣಿಕೆಯಲ್ಲಿ ಇರಲೇಬೇಕು. ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ 2023ರ ಏಪ್ರಿಲ್ 12ರ ಬಠಿಂಡಾ ಘಟನೆ ಸಾಕ್ಷಿ. ಅಲ್ಲಿಯ ಸೇನಾ ನೆಲೆಯಲ್ಲಿ ಕಳುವಾದ ಇನ್ಸಾಸ್ ರೈಫಲ್ಲಿನ ಗುಂಡಿಗೆ ಫಿರಂಗಿ ದಳದ ನಾಲ್ವರು ಯೋಧರು ಬಲಿಯಾದರು.

ಇಂಥ ಶಿಸ್ತಿನ ಕೊಠಡಿಗೆ ಖಾಸಗಿ ಬಂದೂಕು ಬಂದಾಗ ಅದು ಸರ್ಕಾರಿ ಲೆಕ್ಕಕ್ಕೆ ಸೇರದು. ಅದರ ಗುರುತು ಲೈಸೆನ್ಸಿನಲ್ಲಿದೆ, ಲೈಸೆನ್ಸಿನ ವಿಶಿಷ್ಟ ಗುರುತಿನ ಸಂಖ್ಯೆ (ಯುಐಎನ್) ರಾಷ್ಟ್ರೀಯ ದತ್ತಾಂಶದಲ್ಲಿದೆ, ಲೈಸೆನ್ಸ್ ಕೊಟ್ಟ ಅಧಿಕಾರಿ ಕೋಲಾರದಲ್ಲಿದ್ದಾರೆ. ಕೋತ್‌ನ ಪುಸ್ತಕವೂ ಕೋಲಾರದ ಕಡತವೂ ಒಂದನ್ನೊಂದು ನೋಡುವ ವ್ಯವಸ್ಥೆ ಕಾಯ್ದೆಯಲ್ಲಿ ಇಲ್ಲ. ಈ ಕೊಂಡಿ ಸಡಿಲವಾದರೆ ದುರುಪಯೋಗ ಎಷ್ಟು ಬೆಳೆಯಬಹುದೆಂಬುದನ್ನು ಜಮ್ಮು ಮತ್ತು ಕಾಶ್ಮೀರದ ಲೈಸೆನ್ಸ್ ಹಗರಣ ತೋರಿಸಿತು. 2017ರಲ್ಲಿ ರಾಜಸ್ಥಾನದ ಭಯೋತ್ಪಾದನಾ ನಿಗ್ರಹ ದಳ ಬಯಲಿಗೆಳೆದ ಆ ಪ್ರಕರಣ 2018ರಲ್ಲಿ ಸಿಬಿಐಗೆ ಹೋಯಿತು. 2012ರಿಂದ 2016ರ ನಡುವೆ ಅಲ್ಲಿ ಕೊಟ್ಟ ಸುಮಾರು 2.78 ಲಕ್ಷ ಲೈಸೆನ್ಸುಗಳು ತನಿಖೆಯ ವ್ಯಾಪ್ತಿಗೆ ಬಂದವು. ಅಲ್ಲಿ ನಿಯೋಜನೆಗೊಂಡ ಸೈನಿಕರೆಂಬ ನೆಲೆಯಲ್ಲಿ ಪಡೆದ ಲೈಸೆನ್ಸುಗಳೂ ಅವುಗಳಲ್ಲಿದ್ದವು.

ಮನೆಯಲ್ಲಿ ಬಿಟ್ಟು ಹೋದರೆ

ಕೋತ್‌ನ ಗೊಡವೆಯೇ ಬೇಡವೆಂದು ಬಂದೂಕನ್ನು ಊರಿನಲ್ಲಿ ಬೀಗ ಹಾಕಿಟ್ಟು ಹೋಗುವುದು ಸುಲಭದ ದಾರಿಯಂತೆ ತೋರುತ್ತದೆ. ಒಂದು ಕಲ್ಪಿತ ಉದಾಹರಣೆಯಿಂದ ಅದರ ತೊಡಕನ್ನು ನೋಡಬಹುದು. ಕುರುಡುಮಲೆಯ ಯೋಧನೊಬ್ಬ ಸಿಯಾಚಿನ್ ಕಡೆಗೆ ಹೋಗಿದ್ದಾನೆ. ಚುನಾವಣೆ ಘೋಷಣೆಯಾಗಿ, ಲೈಸೆನ್ಸ್ ಹೊಂದಿದವರು ಬಂದೂಕುಗಳನ್ನು ಠಾಣೆಯಲ್ಲಿ ಇಡಬೇಕೆಂಬ ಆದೇಶ ಹೊರಟಿದೆ. ಠಾಣೆಯಿಂದ ಬಂದವರು ಹೆಂಡತಿಯನ್ನೋ ವಯಸ್ಸಾದ ತಂದೆಯನ್ನೋ ಕೇಳುತ್ತಾರೆ. ಬೀರುವಿನ ಬೀಗದ ಕೈ ಅವರ ಬಳಿ ಇದೆ.

3ನೇ ಕಲಮಿನ ಪರಂತುಕದ ಪ್ರಕಾರ ಲೈಸೆನ್ಸ್ ಇಲ್ಲದವನು ಒಡೆಯನ ಎದುರಿನಲ್ಲಿ ಅಥವಾ ಅವನ ಬರಹದ ಒಪ್ಪಿಗೆಯ ಮೇಲೆ ಬಂದೂಕು ಒಯ್ಯಬಹುದು. ಆದರೆ ಉದ್ದೇಶ ಮೂರೇ: ರಿಪೇರಿ, ಲೈಸೆನ್ಸ್ ನವೀಕರಣ, ಒಡೆಯನ ಬಳಕೆ. ಠಾಣೆಗೆ ಒಪ್ಪಿಸುವುದು ಆ ಪಟ್ಟಿಯಲ್ಲಿ ಇಲ್ಲ. ಮಗನ ಪತ್ರ ಕೈಯಲ್ಲಿ ಹಿಡಿದು ಮುಳಬಾಗಿಲಿನ ಠಾಣೆಗೆ ಬಸ್ಸಿನಲ್ಲಿ ಬಂದೂಕು ತಂದ ತಂದೆ, ಅಕ್ಷರಶಃ ಓದಿದರೆ, ಕಾನೂನಿನ ಹೊರಗೆ ನಿಲ್ಲುತ್ತಾನೆ. ತಾರದಿದ್ದರೆ ಮಗ ಆದೇಶ ಉಲ್ಲಂಘಿಸಿದವನಾಗುತ್ತಾನೆ. ಠಾಣೆಯ ಸಿಬ್ಬಂದಿ ವಿವೇಕದಿಂದ ನಡೆದುಕೊಂಡು ಇದನ್ನು ನಿಭಾಯಿಸಬಹುದು. ಆದರೆ ಐದು ವರ್ಷದ ಸೆರೆವಾಸದವರೆಗೆ ಹೋಗಬಲ್ಲ ವಿಷಯ ಯಾರದೋ ಒಳ್ಳೆಯತನದ ಮೇಲೆ ನಿಲ್ಲಬಾರದು.

ಕೊಡಗಿನ ವಿನಾಯಿತಿ

ಇಲ್ಲಿ ಸಹಜವಾಗಿ ಕೊಡಗಿನ ಉದಾಹರಣೆ ಎದುರಾಗುತ್ತದೆ. 1861ರ ಫೆಬ್ರುವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟರು. ಆ ವಿನಾಯಿತಿ ಇಂದಿಗೂ 1959ರ ಕಾಯ್ದೆಯ 41ನೇ ಕಲಮಿನ ಅಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದೆ. 2019ರ ಅಕ್ಟೋಬರ್ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ನಾಡಿನಲ್ಲಿ ಬಂದೂಕು ಮನೆತನದ ವಸ್ತು.

ಆದರೂ ಕೊಡಗಿನ ಗಡಿ ದಾಟಿದೊಡನೆ ವಿನಾಯಿತಿಗೆ ಲೆಕ್ಕ ಬೀಳುತ್ತದೆ: ನೂರು ಗುಂಡಿನೊಡನೆ ಒಂದು ರೈಫಲ್, ಐನೂರು ತೋಟಾಗಳೊಡನೆ ಒಂದು ಕೋವಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ವಿನಾಯಿತಿ ಇರುವುದು ಲೈಸೆನ್ಸಿನಿಂದ, ಪಲ್ಟನ್ನಿನ ಶಿಸ್ತಿನಿಂದಲ್ಲ. ಬೇರೆಡೆ ಬ್ಯಾರಕ್ಕಿನಲ್ಲಿರುವ ಕೊಡವ ಯೋಧನಿಗೂ ಕುರುಡುಮಲೆಯ ಯೋಧನಿಗೂ ಪ್ರಶ್ನೆ ಒಂದೇ. ವ್ಯತ್ಯಾಸವಿರುವುದು ಮನೆಯಲ್ಲಿ. ಕೊಡವ ಯೋಧ ಬಿಟ್ಟುಹೋದ ಕೋವಿಯನ್ನು ನೋಡಿಕೊಳ್ಳುವ ತಂದೆಗೂ ಅದೇ ವಿನಾಯಿತಿ ಇದೆ, ಮುಳಬಾಗಿಲಿನ ತಂದೆಗೆ ಇಲ್ಲ.

ಹೊರನಾಡಿನ ಎರಡು ಮಾದರಿ

ಅಮೆರಿಕದಲ್ಲಿ ಚರ್ಚೆ ನಡೆದದ್ದು ನೆಲೆಯೊಳಗೆ ಬಂದೂಕು ತರುವ ಬಗ್ಗೆ. 2009ರಲ್ಲಿ ಫೋರ್ಟ್ ಹುಡ್ ಸೇನಾ ನೆಲೆಯಲ್ಲಿ 13 ಜನರನ್ನು ಕೊಂದ ಪಿಸ್ತೂಲೂ 2014ರಲ್ಲಿ ಅಲ್ಲಿಯೇ ಮತ್ತೆ ಬಳಕೆಯಾದ ಪಿಸ್ತೂಲೂ ಖಾಸಗಿಯಾಗಿ ಕೊಂಡವು. ಮೊದಲ ಘಟನೆಯ ನಂತರವೂ 2011ನೇ ಆರ್ಥಿಕ ವರ್ಷದ ರಕ್ಷಣಾ ಕಾಯ್ದೆಯು ನೆಲೆಯ ಹೊರಗೆ ಸೈನಿಕರು ಇಟ್ಟುಕೊಂಡ ಬಂದೂಕುಗಳ ಮಾಹಿತಿ ಸಂಗ್ರಹಿಸದಂತೆ ರಕ್ಷಣಾ ಇಲಾಖೆಯನ್ನು ತಡೆಯಿತು. 2016ರ ನವೆಂಬರಿನ ನಿರ್ದೇಶನವು ಆತ್ಮರಕ್ಷಣೆಗೆ ಸ್ವಂತ ಆಯುಧ ಒಯ್ಯಲು ಅನುಮತಿ ಕೊಡುವ ಅಧಿಕಾರವನ್ನು ಕಮಾಂಡರುಗಳಿಗೆ ನೀಡಿತು. ಸ್ವಿಟ್ಜರ್ಲೆಂಡಿನದು ತಿರುವುಮುರುವು: ಅಲ್ಲಿ ಸೇನೆಯ ಬಂದೂಕೇ ಮನೆಯಲ್ಲಿರುತ್ತದೆ. ಅದನ್ನು ಶಸ್ತ್ರಾಗಾರಕ್ಕೆ ಮರಳಿಸಬೇಕೆಂಬ ಪ್ರಸ್ತಾಪ 2011ರ ಫೆಬ್ರುವರಿಯ ಜನಮತಗಣನೆಯಲ್ಲಿ ಬಿದ್ದುಹೋಯಿತು. ಇವೆರಡೂ ನಮಗೆ ಮಾದರಿಯಾಗಲಾರವು. ಆದರೆ ಎರಡು ಕಡೆಯೂ ಬಂದೂಕು ಎಲ್ಲಿರಬೇಕೆಂಬುದನ್ನು ಬಹಿರಂಗವಾಗಿ ಚರ್ಚಿಸಿ, ಬರೆದು ನಿಶ್ಚಯಿಸಿದರು. ನಮ್ಮ ಕಾಯ್ದೆ ಆ ಕೆಲಸ ಮಾಡಿಲ್ಲ.

ನಿರ್ಣಯ

ಸೈನಿಕನು ತನ್ನ ಬಂದೂಕಿನ ಮಟ್ಟಿಗೆ ಸಾಮಾನ್ಯ ಪ್ರಜೆಯೇ ಎಂಬ ಕಾಯ್ದೆಯ ತತ್ವ ಸರಿಯಾದದ್ದು. ಅದನ್ನು ಸಡಿಲಿಸಬೇಕಾಗಿಲ್ಲ. ಆದರೆ ಸಾಮಾನ್ಯ ಪ್ರಜೆ ತನ್ನ ಮನೆಯಲ್ಲಿ ವಾಸಿಸುತ್ತಾನೆ, ಸೈನಿಕ ಸರ್ಕಾರ ಕಳಿಸಿದ ಕಡೆ ವಾಸಿಸುತ್ತಾನೆ. ಈ ವ್ಯತ್ಯಾಸಕ್ಕೆ ತಕ್ಕಂತೆ ಮೂರು ಕೆಲಸ ಆಗಬೇಕು. ಒಂದು, ನಿಯಮ ರಚಿಸಲು ಕಾಯ್ದೆಯ 44ನೇ ಕಲಮು ಕೇಂದ್ರ ಸರ್ಕಾರಕ್ಕೆ ಕೊಡುವ ಅಧಿಕಾರ ಬಳಸಿ, ಚಾಲ್ತಿ ಲೈಸೆನ್ಸಿರುವ ಆಯುಧವನ್ನು ಪಲ್ಟನ್ನಿನ ಶಸ್ತ್ರಾಗಾರದಲ್ಲಿ ತಾತ್ಕಾಲಿಕವಾಗಿ ಇಡಲು ಪ್ರತ್ಯೇಕ ನಿಯಮ ಮಾಡಬೇಕು. ಯುಐಎನ್ ನಮೂದಿಸಿದ ರಸೀದಿ ಯೋಧನಿಗೂ ಅದರ ಪ್ರತಿ ಲೈಸೆನ್ಸ್ ಕೊಟ್ಟ ಅಧಿಕಾರಿಗೂ ಹೋಗಬೇಕು. ಎರಡು, 3ನೇ ಕಲಮಿನ ಪರಂತುಕದಲ್ಲಿ ಠಾಣೆ, ವ್ಯಾಪಾರಿ ಅಥವಾ ಶಸ್ತ್ರಾಗಾರಕ್ಕೆ ಒಪ್ಪಿಸುವುದನ್ನೂ ಸೇರಿಸಬೇಕು. ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಕು. ಮೂರು, ಅಲ್ಲಿಯವರೆಗೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಈ ವಿಷಯವನ್ನು ಒಂದು ಪುಟದ ಕನ್ನಡ ಕರಪತ್ರದಲ್ಲಿ ಬರೆದು ಯೋಧರ ಮನೆಗಳಿಗೆ ತಲುಪಿಸಬೇಕು. ಮೊದಲ ಎರಡಕ್ಕೆ ದೆಹಲಿ ಮನಸ್ಸು ಮಾಡಬೇಕು. ಮೂರನೆಯದನ್ನು ಬೆಂಗಳೂರು ಇವತ್ತೇ ಆರಂಭಿಸಬಹುದು.